ಕೂಗಿನ ತೂಕ

ಫೆಸ್ ಪಟ್ಟಣದ ಇಳಿಜಾರಿನಲ್ಲಿ ಕೈಗಾಡಿ ತಳ್ಳುವ ನಮ್ಮವರಿಗೊಂದು ದರಿದ್ರ ನಂಬಿಕೆ ಇದೆ. ‘ಬಲಾಕ್’ ಎಂದು ಕೂಗಿ ದಾರಿ ಕೇಳಿಬಿಟ್ಟರೆ ಮುಗಿಯಿತು, ಸರಿಯದೆ ನಿಂತವನದೇ ತಪ್ಪು. ನಮ್ಮಪ್ಪನ ಕಾಲದವರು ಕೂಗುತ್ತಲೂ ಇದ್ದರು, ಗಾಡಿಯ ಹಿಂದೆ ಹಳೇ ಟೈರು ಕಟ್ಟಿ ನೆಲಕ್ಕೆ ಉಜ್ಜುತ್ತ ನಿಧಾನವಾಗಿ ಇಳಿಯುತ್ತಲೂ ಇದ್ದರು. ಈಗಿನವರು ಟೈರು ಬಿಚ್ಚಿ ಎಸೆದರು. ಗಂಟಲನ್ನು ಮಾತ್ರ ಉಳಿಸಿಕೊಂಡರು.

ಹಮ್ಮಾದಿ ಹಾಗೇ ಸಿಮೆಂಟು ತುಂಬಿಕೊಂಡು ಇಳಿದು ಲಾರ್ಬಿ ಮುದುಕನ ಸೊಂಟ ಮುರಿದ. ಲಾರ್ಬಿ ತಾಮ್ರ ಬಡಿಯುವವನು. ಬಡಿದೂ ಬಡಿದೂ ಕಿವಿ ಹೋಗಿ ಎಷ್ಟೋ ಕಾಲವಾಗಿದೆ. ಅದು ಓಣಿಯ ಬೆಕ್ಕಿಗೂ ಗೊತ್ತು.

ಈ ಅನ್ಯಾಯಕ್ಕೆ ಎದುರು ನಿಂತವರು ಬತೂಲ್ ಒಬ್ಬರೇ. ನಾವೆಲ್ಲ ಅವರನ್ನು ಗೌರವದಿಂದ ಲಲ್ಲಾ ಎನ್ನುತ್ತೇವೆ. ಚರ್ಮ ಹದ ಮಾಡುವವನ ಮಗಳು. ಅಪ್ಪನ ಮೈವಾಸನೆಗೆ ಮೂಗು ಮುಚ್ಚಿಕೊಂಡವರ ಮಕ್ಕಳಿಗೇ ಇವತ್ತು ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ಮದುವೆಯಾಗಲಿಲ್ಲ. ಅದನ್ನು ಆಡಿಕೊಳ್ಳುವವರ ಬಾಯಿಗೆ ಮಣ್ಣು ಹಾಕ. ಗಂಟಲು ಒಡೆದ ಧ್ವನಿ, ತೋಳಿನ ತುಂಬ ಸೀಮೆಸುಣ್ಣ. ಒಮ್ಮೆ ನನ್ನ ಗಾಡಿಯನ್ನೇ ಶಾಲೆಯಂಗಳಕ್ಕೆ ತರಿಸಿ, ಖಾಲಿಯಾಗಿ ಒಮ್ಮೆ, ತುಂಬಿಸಿ ಒಮ್ಮೆ ಮಕ್ಕಳಿಂದ ತಳ್ಳಿಸಿ ನಿಲ್ಲಿಸಲು ಹೇಳಿದ್ದರು. ರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದೇ ಸಂವೇಗ, ಅದು ಹೆಚ್ಚಿದಷ್ಟೂ ನಿಲ್ಲಿಸುವುದು ಕಷ್ಟ ಎಂದು ನಾನೂ ಕಲಿತದ್ದು ಆವತ್ತೇ.

ಗಾಡಿ ನಿಲ್ಲಿಸುವ ಅಂಗಳದಲ್ಲಿ ಪಂಚಾಯ್ತಿ ಸೇರಿತು. ನಮ್ಮ ಗಾಡಿಯವರ ಹಿರಿಯ ತುಹಾಮಿ ಚಹಾ ಹೀರುತ್ತ ಕೂತಿದ್ದ. ಹಮ್ಮಾದಿ ಎದೆಯುಬ್ಬಿಸಿ, ತಾನು ಗಂಟಲು ಹರಿಯುವಂತೆ ಕೂಗಿದೆನೆಂದೂ, ದಿನಾ ಹತ್ತು ಚೀಲ ಹೊರುವವನು ಅವತ್ತು ಆರೇ ಚೀಲ ಹೇರಿದ್ದೆನೆಂದೂ, ಅಷ್ಟು ಹಗುರದ ಗಾಡಿಗೆ ಬಿದ್ದದ್ದು ಮುದುಕನ ಹಣೆಬರಹವೆಂದೂ ಹೇಳಿದ. ಸುತ್ತಲಿದ್ದವರು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡ ಲಲ್ಲಾ ಒಳಗೆ ಬಂದರು. ಗಂಡಸರ ಕೂಟಕ್ಕೆ ಹೆಂಗಸು ಯಾಕೆ ಎಂದು ಯಾರೋ ಗೊಣಗಿದರು. ಅವರು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯತೊಡಗಿದರು.

“ಆರು ಚೀಲ, ಗಾಡಿ ಸೇರಿ ಮುನ್ನೂರೈವತ್ತು ಕಿಲೋ. ಟೈರಿಲ್ದೆ ಇಳಿದ್ರೆ ಸೆಕೆಂಡಿಗೆ ನಾಲ್ಕು ಮೀಟರ್. ಗುಣಿಸಿದ್ರೆ ಸಾವಿರದ ನಾನೂರು. ಹತ್ತು ಚೀಲ ಹೇರಿ ಟೈರು ಕಟ್ಟಿ ಇಳಿ, ಐನೂರೈವತ್ತು ಕಿಲೋ, ಒಂದು ಮೀಟರ್. ಬರೀ ಐನೂರೈವತ್ತು. ಯಾವ್ದು ಹಗುರ ಹಮ್ಮಾದಿ?”

ಹಮ್ಮಾದಿ ನನ್ನ ಮುಖ ನೋಡಿದ. ನಾನೇನು ಹೇಳಲಿ, ಹಲ್ಲು ಕಿರಿದು ನಕ್ಕೆ.

ತುಹಾಮಿ ಲೋಟ ಕೆಳಗಿಟ್ಟ. “ಲೆಕ್ಕ ಶಾಲೇಲಿರ್ಲಿ ಮಗಳೇ. ಇಳಿಜಾರಲ್ಲಿ ಕೂಗಿದವನದೇ ದಾರಿ.”

“ಕೂಗು ಎಷ್ಟು ಕಿಲೋ ಇದೆ ದೊಡ್ಡಪ್ಪ? ಗಾಡೀನ ತಡೆಯುತ್ತಾ ಅದು?”

ತುಹಾಮಿ ಮತ್ತೆ ಲೋಟ ಎತ್ತಿಕೊಂಡ. ಹಮ್ಮಾದಿಯದು ತಪ್ಪಿಲ್ಲ, ಟೈರು ಕಟ್ಟುವುದು ಅವರವರ ಇಷ್ಟ ಎಂದು ತೀರ್ಪಾಯಿತು. ಲಲ್ಲಾ ಕೈಯ ಸುಣ್ಣ ಕೊಡವಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ನಾನು ಇಟ್ಟಿಗೆ ತುಂಬಿದ ಗಾಡಿಯನ್ನು ಇಳಿಜಾರು ಶುರುವಾಗುವ ಕಡೆ ಓಣಿಯ ಕಿರಿದಾದ ಜಾಗದಲ್ಲಿ ಅಡ್ಡ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಕೂತೆ. ಮೇಲಿನಿಂದ ಒಂದರ ಹಿಂದೊಂದು ಗಾಡಿ ಬಂದು ನಿಂತವು. ಎಲ್ಲರೂ ಬಲಾಕ್ ಬಲಾಕ್ ಎಂದು ಅರಚಿದರು. ಚೆನ್ನಾಗಿ ಕೂಗಿ, ಕೂಗಿದವನದೇ ದಾರಿಯಲ್ಲವೇ, ತಗೊಳ್ಳಿ ಎಂದೆ. ನನ್ನ ಏಳು ತಲೆಮಾರನ್ನೂ ಜಾಲಾಡಿದರು. ನಾನೂ ಬಾಕಿ ಇಟ್ಟುಕೊಳ್ಳಲಿಲ್ಲ.

ಶಾಲೆಯ ಹೊತ್ತಿಗೆ ಲಲ್ಲಾ ಮಕ್ಕಳ ಜೊತೆ ಬಂದರು. ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಅವರು ಕೆಂಡವಾದರು.

“ತೆಗಿ ಜಲ್ಲೂಲ್. ಮಕ್ಕಳಿಗೆ ಪರೀಕ್ಷೆ ಇದೆ.”

“ಟೈರು ಕಟ್ಟೋ ತನಕ ತೆಗೆಯಲ್ಲ ಲಲ್ಲಾ. ಇವರು ಲೆಕ್ಕ ಕೇಳೋ ಜಾತಿ ಅಲ್ಲ.”

ಅವರು ಒಂದು ಗಳಿಗೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ನಿಲುವಂಗಿ ಎತ್ತಿ ಕಟ್ಟಿ ಇಟ್ಟಿಗೆಯ ಮೇಲೆ ಹತ್ತಿದರು. ಒಂದೊಂದೇ ಮಗುವನ್ನು ಆಚೆ ದಾಟಿಸುತ್ತ, ಈ ಗಾಡಿಯ ಸಂವೇಗ ಎಷ್ಟು ಎಂದು ಕೇಳಿದರು. ಸೊನ್ನೆ ಎಂದವು ಮಕ್ಕಳು. ಇಷ್ಟು ಭಾರ ಇದ್ದರೂ ಸೊನ್ನೆ ಯಾಕೆ ಎಂದಾಗ, ವೇಗ ಇಲ್ಲವಲ್ಲ ಎಂದಳೊಬ್ಬ ಹುಡುಗಿ. ಗಾಡಿಯವರೆಲ್ಲ ಬಾಯಿ ಮುಚ್ಚಿ ಕೇಳಿದರು. ಬೇರೆ ದಾರಿಯೂ ಇರಲಿಲ್ಲ ಅವರಿಗೆ.

ಬಿಸಿಲೇರಿದ ಮೇಲೆ ಸರಕು ಸಿಗದ ಅಂಗಡಿಯವರ ಬೈಗುಳ ತಾಳಲಾರದೆ ತುಹಾಮಿಯೇ ಇಳಿದು ಬಂದು, ಇನ್ನು ಟೈರಿಲ್ಲದ ಗಾಡಿ ಇಳಿಯಕೂಡದು ಎಂದ. ಒಬ್ಬೊಬ್ಬರೇ ಕಟ್ಟಿಕೊಂಡರು. ಹಮ್ಮಾದಿ ಕೊನೆಯವನು. ಅವನು ಕಟ್ಟಿದ ಗಂಟನ್ನು ಕಾಲಿನಿಂದ ಒದ್ದು ನೋಡಿದೆ, ಸಡಿಲವಿತ್ತು. ಇನ್ನೊಮ್ಮೆ ಕಟ್ಟಿಸಿದ ಮೇಲೆಯೇ ನನ್ನ ಚಕ್ರದ ಕಲ್ಲು ತೆಗೆದೆ.