ಮೇಲ್ಗಲ್ಲು ತೊಳೆದ ದಿನ

ಅಂದು ಶುಕ್ರವಾರ. ಗಂಡಹೆಂಡತಿ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟರು. ಅವನು ತುಳಿದ. ಅವಳು ಬುತ್ತಿ ಹಿಡಿದು ಹಿಂದೆ ಕೂತಳು. ದಿಬ್ಬ ಬಂದಾಗ ಅವನು ಇಳಿದು ತಳ್ಳತೊಡಗಿದ.

"ನೀನೂ ಇಳೀಬಹುದು, ನಾನೇನು ಬೇಡ ಅನ್ನಲ್ಲ."

"ನಾನಿಳಿದ್ರೆ ಸೈಕಲ್ಲು ಬೇಜಾರು ಮಾಡಿಕೊಳ್ಳುತ್ತೆ ಕಣ್ರೀ."

ಆರು ವರ್ಷದಿಂದ ಅದೇ ದಿಬ್ಬ, ಅದೇ ಮಾತು.

ದಿಬ್ಬದ ಮೇಲೆ ಅಗೆತ ನಡೆದಿತ್ತು. ಸಾವಿರಾರು ವರ್ಷದ ಹಿಂದೆ ಕಬ್ಬಿಣ ಕಾಣದ ಜನ ಅಲ್ಲಿ ಬಾಳಿದ್ದರು. ಅವರ ಒಲೆ, ಅವರು ತಿಂದು ಬಿಸಾಡಿದ ಎಲುಬು, ಒಡೆದ ಮಡಕೆ, ಕಾಳು ಅರೆದ ಕಲ್ಲು ಎಲ್ಲ ಮಣ್ಣಿನಡಿ ಹೂತುಹೋಗಿದ್ದವು. ಅವನು ಗುಂಡಿಯ ಮೇಸ್ತ್ರಿ. ಹಿಂದೆ ಬಾವಿ ತೋಡುತ್ತಿದ್ದವನು. ಚಿಟಿಕೆ ಮಣ್ಣು ಬಾಯಿಗೆ ಹಾಕಿ, ಇದು ಬೇರೆ ಪದರ ಎನ್ನುತ್ತಿದ್ದ. ಬೆಳಿಗ್ಗೆ ಕರಣೆ ಹಿಡಿದು ಕೂತರೆ ಸಂಜೆಗೆ ಒಂದು ಗೇಣೂ ಇಳಿದಿರುತ್ತಿರಲಿಲ್ಲ. ಕೂಲಿಯವರು ಅವನಿಗೆ ಆಮೆ ಎಂದು ಹೆಸರಿಟ್ಟಿದ್ದರು. ಅವನಿಗೆ ಸಿಟ್ಟೇ ಇಲ್ಲ. ಒಂದು ಮಾತು ಮಾತ್ರ ದಿನಾ ಹೇಳುತ್ತಿದ್ದ: "ಗೋಡೆ ಬುಡ ಕೊರೀಬೇಡಿ. ಒಳಗೆ ಚಿನ್ನವೇ ಕಾಣಲಿ, ಮೇಲಿಂದ ಇಳಿದು ಬನ್ನಿ."

ಅವಳದು ತೊಳೆಯುವ ಕೆಲಸ. ತಗಡಿನ ಶೆಡ್ಡು, ಎರಡು ಟಬ್ಬು, ನಾಲ್ಕು ಬ್ರಷ್ಷು. ಮಡಕೆಯ ಚೂರನ್ನು ನೀರಲ್ಲಿ ಉಜ್ಜಬೇಕು. ಎಲುಬನ್ನು ಒಣಬ್ರಷ್ಷಿನಲ್ಲಿ ಒರೆಸಬೇಕು. ಅರೆಯುವ ಕಲ್ಲನ್ನು ಮಾತ್ರ ಮುಟ್ಟಲೇಬಾರದು, ಮಣ್ಣಿನ ಸಮೇತ ಕಾಗದದಲ್ಲಿ ಸುತ್ತಿಡಬೇಕು. ಅಗೆತ ನಡೆಸುವ ಮೇಡಂ ಮೊದಲ ದಿನವೇ ಬಿಡಿಸಿ ಹೇಳಿದ್ದರು: ಕಲ್ಲಿನ ಸಣ್ಣ ಸಣ್ಣ ತೂತಿನಲ್ಲಿ ಅಂದಿನ ಹಿಟ್ಟು ಇನ್ನೂ ಕೂತಿರುತ್ತದೆ, ಅದನ್ನು ನೋಡಿದರೆ ಆ ಜನ ಏನು ತಿಂದರು ಅಂತ ಗೊತ್ತಾಗುತ್ತದೆ. ತೀರ ತಳದ ಪದರದ ಅಂಥ ಒಂದು ಕಲ್ಲಿಗಾಗಿ ಮೇಡಂ ಮೂರು ವರ್ಷದಿಂದ ಕಾಯುತ್ತಿದ್ದರು.

ಆ ಮಧ್ಯಾಹ್ನ ಅದು ಬಂತು. ಬಂದದ್ದು ಮಡಕೆ ಚೂರಿನ ಬುಟ್ಟಿಯಲ್ಲಿ, ಮೈತುಂಬ ಕೆಸರು ಮೆತ್ತಿಕೊಂಡು. ಮಣ್ಣು ಜರಡಿ ಹಿಡಿಯುವಾಕೆ ಪಕ್ಕದಲ್ಲಿ ಕೂತು ತನ್ನ ಅತ್ತೆಯ ಗೊರಕೆಯನ್ನು ಅಣಕಿಸಿ ತೋರಿಸುತ್ತಿದ್ದಳು. ಇವಳು ನಗುತ್ತ ನಗುತ್ತ ಉಜ್ಜಿದಳು. ಮನೆಯಲ್ಲಿ ರುಬ್ಬುವ ಕಲ್ಲನ್ನು ಇಪ್ಪತ್ತು ವರ್ಷ ತೊಳೆದ ಕೈ, ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಕಲ್ಲು ಹೊಟ್ಟೆಯ ಕಡೆ ನುಣ್ಣಗಾಗಿತ್ತು, ಎರಡು ತುದಿಯಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗಿತ್ತು. ಅವಳ ಹೆಬ್ಬೆರಳು ಹೋಗಿ ಅಲ್ಲಿ ಕೂತಾಗ ತಿಳಿಯಿತು. ಉಜ್ಜುವುದನ್ನು ನಿಲ್ಲಿಸಿದಳು. ಟಬ್ಬಿನ ನೀರು ಕಪ್ಪಾಗಿತ್ತು.

"ಅಕ್ಕಾ, ಇದು ಅರೆಯೋ ಮೇಲ್ಗಲ್ಲು," ಎಂದಳು ಜರಡಿಯಾಕೆ. "ಕಳೆದ ವರ್ಷ ಬುಟ್ಟಿಯ ಗುರುತು ಚೀಟಿ ಕಳೆದವಳನ್ನ ಮನೆಗೆ ಕಳಿಸಿದ್ರಲ್ಲ, ನೆನಪಿದೆಯಾ?"

ಯಾಕೆ ನೆನಪಿರುವುದಿಲ್ಲ. ಮೇಡಂ ಪೇಟೆಗೆ ಹೋಗಿದ್ದರು, ಬರುವುದು ಮರುದಿನ ಒಂಬತ್ತಕ್ಕೆ. ಗಂಡನನ್ನು ಕರೆಸಿ ತೋರಿಸಿದಳು. ಅವನು ಕಲ್ಲನ್ನು ಅತ್ತಿತ್ತ ತಿರುಗಿಸಿದ.

"ಕನ್ನಡಿ ಮಾಡಿಟ್ಟಿದ್ದೀಯಲ್ಲೇ."

"ನನ್ನನ್ನ ಕಳಿಸಿಬಿಡ್ತಾರೆ ಕಣ್ರೀ."

"ನಿನ್ನನ್ನ ಕಳಿಸಿದ್ರೆ ಸೈಕಲ್ಲಲ್ಲಿ ಯಾರನ್ನ ಕೂರಿಸಿಕೊಳ್ಳಲಿ? ಸುಮ್ಮನಿರು."

ಸಂಜೆ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. ಈ ಕಲ್ಲಿಗೊಂದು ಜೊತೆ ಇದೆ ಎಂದ. ನಡುವೆ ತಗ್ಗಾದ ಅಗಲವಾದ ತಳಗಲ್ಲು, ಅದರ ಮೇಲೆ ಇದನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ಅರೆಯುತ್ತಿದ್ದರು. ಅದು ಇನ್ನೂ ಗುಂಡಿಯ ಗೋಡೆಯಲ್ಲೇ ಇದೆ, ಅಂಚು ಎರಡು ಬೆರಳು ಹೊರಗೆ ಕಾಣುತ್ತದೆ.

"ಅದು ಮಣ್ಣಿನ ಸಮೇತ ಸಿಕ್ಕರೆ ಇದನ್ನ ಯಾರು ಕೇಳ್ತಾರೆ?"

"ಮೇಲಿಂದ ಇಳಿದು ಹೋದ್ರೆ ಎಷ್ಟು ದಿನ?"

"ಹತ್ತಾದ್ರೂ ಬೇಕು."

ಅವನು ಬುಡ ಕೊರೆಯಲಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ಗುಂಡಿ ಎರಡಾಳು ಆಳ, ಹಿಂದಿನ ವಾರವಷ್ಟೇ ಮಳೆ ಬಿದ್ದಿತ್ತು. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬೆಳಿಗ್ಗೆ ಒಂಬತ್ತು ಗಂಟೆ ಕಣ್ಣ ಮುಂದೆ ಬಂತು. ಅವಳು ಮಾತು ನುಂಗಿ ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಮರುದಿನ ಬೆಳಕು ಹರಿಯುತ್ತಲೇ ಅವನು ಒಬ್ಬನೇ ಹೋದ. ಅವಳು ಮನೆಗೆಲಸ ಮುಗಿಸಿ ನಡೆದು ಹೊರಟಳು. ಅರ್ಧ ದಾರಿಗೆ ಹೆಜ್ಜೆ ಬಿರುಸು ಮಾಡಿದಳು. ಸೈಕಲ್ಲು ಶೆಡ್ಡಿಗೆ ಒರಗಿತ್ತು. ಕರಣೆಯ ಸದ್ದಿಲ್ಲ. "ರೀ," ಎಂದು ಮೆಲ್ಲಗೆ ಕರೆದಳು. ಜೋರಾಗಿ ಕರೆಯಲು ಧೈರ್ಯ ಸಾಲಲಿಲ್ಲ. ಉತ್ತರ ಬರದಿದ್ದರೆ?

ಗುಂಡಿಯ ಒಂದು ಬದಿ ಕುಸಿದಿತ್ತು. ದೊಡ್ಡ ರಾಶಿಯೇನಲ್ಲ, ನಾಲ್ಕೈದು ಗಾಡಿ ಮಣ್ಣು. ಅಷ್ಟೇ ಮಣ್ಣು ಅಷ್ಟು ಹೊತ್ತು ತಿಂದಿತು. ಅವಳೂ ಆಗಷ್ಟೇ ಬಂದ ಜರಡಿಯಾಕೆಯೂ ಉಗುರು ಕಿತ್ತುಹೋಗುವ ತನಕ ಬರಿಗೈಯಲ್ಲಿ ತೋಡಿದರು. ಅವನು ಮಗ್ಗುಲಾಗಿ ಮಲಗಿದ್ದ. ಕಲ್ಲನ್ನು ಹೊಟ್ಟೆಗೆ ಅಪ್ಪಿಕೊಂಡಿದ್ದ. ಅದಕ್ಕೆ ಮಣ್ಣು ಮೆತ್ತಿದ ಹಾಗೇ ಇತ್ತು.

ಅವನು ಸತ್ತ ಮೂರನೇ ವಾರ ಮೇಡಂ ಮನೆಗೆ ಬಂದು ನೆಲದ ಮೇಲೆ ಕೂತರು. ತಳಗಲ್ಲಿನಲ್ಲಿ ಕಾಡುಹುಲ್ಲಿನ ಬೀಜದ ಹಿಟ್ಟು ಸಿಕ್ಕಿದೆ ಎಂದರು. ಆಮೇಲೆ ಕೇಳಿದರು, "ಮೇಸ್ತ್ರಿ ಯಾಕೆ ಒಬ್ಬರೇ ಹೋದರು? ಬುಡ ಕೊರೆಯೋರಲ್ಲ ಅವರು."

"ಗೊತ್ತಿಲ್ಲ," ಎಂದಳು.

ಎರಡನೇ ಸಲ ಬಂದಾಗಲೂ ಗೊತ್ತಿಲ್ಲ ಎಂದಳು. ಹೇಳಿದರೆ ಕೊಂದವಳು ತಾನೇ ಎಂದಾಗುತ್ತದೆ. ಬಾಗಿಲು ಬಡಿದ ಸದ್ದಿಗೆಲ್ಲ ಬೆಚ್ಚುತ್ತಿದ್ದಳು. ಮೂರನೇ ಸಲ ಮೇಡಂ ಕೂರುವ ಮೊದಲೇ ಹೇಳಿಬಿಟ್ಟಳು, "ನಾನು ಆ ಕಲ್ಲು ತೊಳೆದುಬಿಟ್ಟಿದ್ದೆ. ಅದನ್ನ ಮುಚ್ಚೋಕೆ ಹೋದ್ರು."

ಮೇಡಂ ಚೀಲದಿಂದ ಅಗೆತದ ದಾಖಲೆ ಪುಸ್ತಕ ತೆಗೆದು ಒಂದು ಸಾಲು ತೋರಿಸಿದರು. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮೇಲ್ಗಲ್ಲು. ತಳದ ಪದರ. ತೊಳೆದಿದೆ.

"ಇಷ್ಟೇನಾ?"

"ಇಷ್ಟೇ. ಆ ಶನಿವಾರವೇ ಶೆಡ್ಡಿನಲ್ಲಿ ನೋಡಿದೆ, ಬರೆದೆ. ಹಿಟ್ಟು ಹೋದ್ರೆ ಸವೆದ ಗುರುತು ನೋಡ್ತೀವಿ. ಕೆಲಸದಿಂದ ಯಾರನ್ನೂ ಕಳಿಸ್ತಿರಲಿಲ್ಲ."

"ಚೀಟಿ ಕಳೆದವಳನ್ನ?"

"ಅವಳು ತಾನಾಗೇ ಬಿಟ್ಟದ್ದು. ತಂಗಿ ಊರಲ್ಲಿ ಬೇರೆ ಕೆಲಸ ಸಿಕ್ಕಿತು."

ಅವಳಿಗೆ ಅಳು ಬರಲಿಲ್ಲ. "ಇದನ್ನ ಮೊದಲೇ ಹೇಳಬೇಕಿತ್ತು ನೀವು," ಎಂದಳು.

"ಹೌದಮ್ಮ. ಹೇಳಬೇಕಿತ್ತು."

ಮುಂದಿನ ಅಗೆತಕ್ಕೆ ಅವಳು ಹೋದಳು. ತೊಳೆಯುವ ಕೆಲಸ ಬೇಡ ಎಂದಳು. ಗೋಡೆ ನೋಡುವ ಕೆಲಸ ಕೊಡಿ ಎಂದು ಕೇಳಿದಳು. ಅಂಥ ಕೆಲಸ ಇರಲಿಲ್ಲ. ಮೇಡಂ ಮಾಡಿ ಕೊಟ್ಟರು.

ಈಗ ದಿನಾ ಬೆಳಿಗ್ಗೆ ಏಳಕ್ಕೆ, ಯಾರೂ ಬರುವ ಮೊದಲು, ಗುಂಡಿಯ ನಾಲ್ಕು ಅಂಚಿನಲ್ಲೂ ಬಗ್ಗಿ ಬಗ್ಗಿ ನಡೆಯುತ್ತಾಳೆ. ಕೂದಲೆಳೆಯಷ್ಟು ಬಿರುಕು ಕಂಡರೂ ಅಂದು ಆ ಗುಂಡಿಗೆ ಯಾರೂ ಇಳಿಯುವ ಹಾಗಿಲ್ಲ, ಮೇಡಂ ಬಂದು ಕೇಳಿದರೂ ಅಷ್ಟೇ. ಬಿರುಕಿಲ್ಲದಿದ್ದರೆ ಏಣಿಯಲ್ಲಿ ತಾನು ಇಳಿಯುತ್ತಾಳೆ. ಒಂದೊಂದು ಗೋಡೆಗೂ ಅಂಗೈ ಒತ್ತಿ, ಬುಡದ ತನಕ ಸವರುತ್ತಾಳೆ. ನಾಲ್ಕೂ ಗೋಡೆ ಮುಗಿಸಿ ಮೇಲೆ ಬಂದು, ಏಣಿಯ ತುದಿಗೆ ಕಟ್ಟಿದ ಕೆಂಪು ಬಟ್ಟೆ ಬಿಚ್ಚುತ್ತಾಳೆ. ಆಮೇಲೆ ಉಳಿದವರು ಇಳಿಯುತ್ತಾರೆ.