ಇಬ್ಬರಿಗೊಂದು ಡೈವ್ ಕಂಪ್ಯೂಟರ್

ದಾಂಪತ್ಯವೆಂದರೆ ಎರಡು ಜೀವಗಳು ಒಂದನ್ನೇ ಹಂಚಿಕೊಂಡು ಬಾಳುವ ವ್ರತ. ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಆ ಒಂದು ಎಂದರೆ ಬಹುತೇಕ ಫೋನಿನ ಚಾರ್ಜರ್.

ಫೋರ್ಟಿನ ಬ್ಯಾಂಕೊಂದರಲ್ಲಿ ಜಾಯಿಂಟ್ ಅಕೌಂಟುಗಳನ್ನು ತೆರೆಯುತ್ತಲೇ ನಿವೃತ್ತನಾದ ನನಗೆ ಈ ತತ್ತ್ವದಲ್ಲಿ ಅಪಾರ ಶ್ರದ್ಧೆ. ಸಮುದ್ರದಾಳಕ್ಕೆ ಇಳಿಯುವ ಹುಚ್ಚು ಮಾತ್ರ ನನ್ನದಲ್ಲ, ಹೆಂಡತಿಯದು. ಧಾರವಾಡದ ಕೆರೆಗೆ ಕಾಲು ಕೂಡ ಅದ್ದದಿದ್ದವಳು ಐವತ್ತು ದಾಟಿದ ಮೇಲೆ ಈಜು ಕಲಿತು, ಸ್ಕೂಬಾ ಕಲಿತು, ಸರ್ಟಿಫಿಕೇಟನ್ನೂ ಪಡೆದಳು. ಮಾರ್ಕೆಟ್ಟಿಗೆ ಚೀಲ ಹಿಡಿದು ಹೋಗುವಂತೆ ನಾನೂ ಅವಳ ಹಿಂದೆ ಹೋಗಿ ಕಲಿತೆ.

ಡೈವ್ ಕಂಪ್ಯೂಟರನ್ನು ಕೊಂಡದ್ದು ನಾನು. ಗಡಿಯಾರದಂತೆ ಮುಂಗೈಗೆ ಕಟ್ಟುವ ಸಾಧನ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದೀರೆಂದು ನೋಡಿ, ಮೈಗೆ ಸೇರಿದ ನೈಟ್ರೋಜನ್ ಲೆಕ್ಕ ಹಾಕಿ, ಯಾವಾಗ ಮೇಲೇಳಬೇಕೆಂದು ಹೇಳುತ್ತದೆ.

"ರೀ, ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಬೇಕಂತ ಕ್ಲಾಸಿನ್ಯಾಗ ಹೇಳಿದ್ರಲ್ರೀ?"

"ಇಬ್ರೂ ಕೂಡೇ ಇರತೇವಲ್ಲ. ನಾ ನೋಡಿ ಹೇಳತೇನಿ."

"ನೀವು? ಲೋಕಲ್‌ನ್ಯಾಗ ಮುಲುಂಡ್ ಬಂದ್ರ ನಿಮ್ಮನ್ನ ಎಬ್ಬಸಾಕಿ ನಾನು."

ಕೊಂಕಣ ಕರಾವಳಿಯ ಮಾಲವಣದಲ್ಲಿ ದೋಣಿ ಹತ್ತುವಾಗ ಗೈಡ್ ಕೇಳಿದಳು: "ಕಂಪ್ಯೂಟರ್ ಹೈ ನಾ, ಅಂಕಲ್?"

"ಹೈ," ಎಂದೆ. ಎಷ್ಟು ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನೀರಿನೊಳಗೆ ನಾನು ಧೈರ್ಯಕ್ಕೆ ತಕ್ಕಷ್ಟೇ ಆಳದಲ್ಲಿ ಒಂದು ಬಂಡೆಯ ಬಳಿ ತೇಲಿಕೊಂಡಿದ್ದೆ. ಅವಳು ಆ ಬಂಡೆಯ ಬುಡದಲ್ಲಿ, ನನಗಿಂತ ತುಂಬ ಕೆಳಗೆ, ಮೀನುಗಳ ಹಿಂದೆ ಹೋಗಿದ್ದಳು. ಆಗಾಗ ತಲೆಯೆತ್ತಿ ನೋಡುವಳು. ನಾನು ಮುಂಗೈ ನೋಡಿಕೊಂಡು, ಬ್ಯಾಂಕಿನ ಗಾಂಭೀರ್ಯದಿಂದ ಬೆರಳು ದುಂಡಗೆ ಮಾಡಿ, ಎಲ್ಲ ಸರಿಯಿದೆ ಎಂದು ತೋರಿಸುವೆ. ಅವಳು ನಂಬಿ ಮತ್ತೆ ಕೆಳಗೆ ತಿರುಗುವಳು. ಮಧ್ಯಾಹ್ನ ಎರಡನೆಯ ಸಲ ಇಳಿದಾಗಲೂ ಹಾಗೇ ಮಾಡಿದೆವು.

ರೈಲಿನಲ್ಲಿ ಮನೆಗೆ ಬಂದ ಬೆಳಿಗ್ಗೆ ಅವಳ ಬಲಭುಜ ನೋಯತೊಡಗಿತು. ಬ್ಯಾಗ್ ಹೊತ್ತದ್ದಕ್ಕೆ ಎಂದು ತೀರ್ಪು ಕೊಟ್ಟು ಮುಲಾಮು ತಿಕ್ಕಿದೆ. ಮಧ್ಯಾಹ್ನದ ಹೊತ್ತಿಗೆ ಅವಳ ಕೈಯಿಂದ ಸೌಟು ಜಾರಿ ಬಿತ್ತು. ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ಟ್ಯಾಕ್ಸಿ ಹಿಡಿದು ಪರೇಲಿನ ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಉಡುಪಿಯ ಕಡೆಯವರು. ಡೈವಿಂಗಿನ ಸಂಗತಿ ಕೇಳಿದ್ದೇ ಅಂದರು: "ಇವರ ಡೈವ್ ಕಂಪ್ಯೂಟರ್ ತೋರಿಸಿ."

ನಾನು ನನ್ನ ಮುಂಗೈ ಚಾಚಿದೆ.

"ಇದು ನಿಮ್ಮದಲ್ವಾ?"

"ಇಬ್ಬರದೂ."

ಡಾಕ್ಟರು ಕನ್ನಡಕ ತೆಗೆದರು. "ನೈಟ್ರೋಜನ್ ಜಾಯಿಂಟ್ ಅಕೌಂಟ್ ಅಲ್ಲ ಮಾರಾಯ್ರೇ. ಆಳಕ್ಕೆ ಹೋದಷ್ಟೂ ಅದು ಮೈಗೆ ಹೆಚ್ಚು ಸೇರ್ತದೆ, ಲೆಕ್ಕ ತಪ್ಪಿ ಮೇಲೆ ಬಂದ್ರೆ ಗುಳ್ಳೆಯಾಗಿ ನರಕ್ಕೆ ಹೊಡೀತದೆ. ಇದರಲ್ಲಿರೋದು ನಿಮ್ಮ ಮೈಯ ಲೆಕ್ಕ. ಅವರು ಎಷ್ಟು ಆಳಕ್ಕೆ ಹೋಗಿದ್ರು ಅಂತ ಇದಕ್ಕೆ ಹೇಗೆ ಗೊತ್ತಾಗ್ಬೇಕು?"

ನನ್ನ ಉದ್ಯೋಗ ಅವರಿಗೆ ಗೊತ್ತಿರಲಿಲ್ಲ.

ಒತ್ತಡ ಹೆಚ್ಚಿಸಿ ಆಮ್ಲಜನಕ ಕೊಡುವ ಕೋಣೆಗೆ ಅವಳನ್ನು ಕರೆದೊಯ್ದರು. ಬಾಗಿಲಲ್ಲಿ ತಿರುಗಿ, "ಚಾರ್ಜರ್ ತಂದೀರೇನ್ರೀ?" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೊರಗೆ ಕುರ್ಚಿಯ ಮೇಲೆ ಕೂತು ಮುಂಗೈ ನೋಡಿಕೊಂಡೆ. ನನ್ನ ಮೈಯಲ್ಲಿ ಯಾವ ದೋಷವೂ ಉಳಿದಿಲ್ಲವೆಂದು ಕಂಪ್ಯೂಟರ್ ಸಾರುತ್ತಿತ್ತು. ಬಿಚ್ಚಿ ಜೇಬಿಗೆ ಹಾಕಿದೆ.

ಕೆಲವು ದಿನಗಳ ಚಿಕಿತ್ಸೆಯಲ್ಲಿ ನೋವು ಹೋಯಿತು. ಬಲಗೈಯ ಎರಡು ಬೆರಳುಗಳ ಜೋಮು ಉಳಿಯಿತು. ಅವಳು ಇನ್ನು ಡೈವ್ ಮಾಡಬಾರದೆಂದು ಡಾಕ್ಟರು ಹೇಳಿದರು. ನನಗೆ ಅಂಥ ನಿರ್ಬಂಧವಿಲ್ಲ.