ನಾಲ್ಕನೇ ಹಾಳೆಯ ಕುರಿಗಳು

ಸಿರಿಗೆರೆಯಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ, ಏನೇ ಆದರೂ ಒಪ್ಪಿಕೊಳ್ಳಬಾರದು ಎಂಬುದು. ಜರ್ಮನ್ ಭಾಷೆಯ ಚರಿತ್ರೆಯಲ್ಲಿ ಸಂಶೋಧನೆಗೆ ಸೇರಿದ ಮೇಲೂ ಆ ಚಟ ಬಿಡಲಿಲ್ಲ.

ನನಗೆ ಸಿಕ್ಕಿದ್ದು ಮುನ್ನೂರು ವರ್ಷಕ್ಕೂ ಹಿಂದೆ ಜರ್ಮನಿಯ ಕುರಿಗಾಹಿಯೊಬ್ಬ ಬರೆದಿಟ್ಟ ಐದು ಹಾಳೆಗಳ ಫೋಟೋ. ಮೊದಲೆರಡು ಹಾಳೆ ಅವನ ಹಳ್ಳಿಯ ಆಡುಮಾತು. ಮೂರನೆಯದು ಅಚ್ಚಿನ ಪುಸ್ತಕಗಳ ಜರ್ಮನ್. ನಾಲ್ಕನೆಯದು ಮತ್ತೆ ಆಡುಮಾತು, ಐದನೆಯದು ಮತ್ತೆ ಪುಸ್ತಕದ್ದು. ಆತ ಪುಸ್ತಕದ ಭಾಷೆಗೆ ಒಮ್ಮೆ ಬಾಗಿ, ಒಮ್ಮೆ ಸೆಟೆದು ನಿಂತಿದ್ದ ಎಂಬುದು ನನ್ನ ವಾದ. ‘ಭಾಷೆ ಹಂಗೆಲ್ಲ ಹಾರಾಡಲ್ಲಮ್ಮ, ನಿಧಾನಕ್ಕೆ ಬದಲಾಗುತ್ತೆ’ ಎಂದ ಮಾರ್ಗದರ್ಶಕರೊಡನೆ ಎರಡು ತಿಂಗಳು ಜಗಳವಾಡಿದ್ದೆ. ಸೋಮವಾರ ವಿಭಾಗದ ಎದುರು ಅಧ್ಯಾಯ ಮಂಡಿಸಿ ಅವರನ್ನು ಸೋಲಿಸಬೇಕಿತ್ತು.

ಶನಿವಾರ ಮದಕರಿಪುರದ ದೊಡ್ಡಪ್ಪನ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ದೊಡ್ಡಪ್ಪ ಜೀವಮಾನವಿಡೀ ಕುರಿ ಕಾದವರು. ಬಗ್ಗಿ ನೋಡಿದರು.

‘ಏನ್ ಲಾಯರಮ್ಮ, ಇರುವೆ ಶಾಯಿ ಕುಡ್ದು ಓಡಾಡ್ದಂಗೈತೆ. ಏನ್ ಬರ್ದಾನೆ?’

ಹಾಳೆಯ ಕ್ರಮದಲ್ಲೇ ಹೇಳುತ್ತಾ ಹೋದೆ: ಮರಿ ಸಾಕುವುದು, ಮೇವು, ಉಣ್ಣೆ ಕತ್ತರಿಸುವುದು, ನಾಲ್ಕನೆಯದರಲ್ಲಿ ಕುರಿಯನ್ನು ಹೊಳೆಗಿಳಿಸಿ ತೊಳೆದು ಉಣ್ಣೆ ಒಣಗಲು ಬಿಡುವುದು.

‘ತಡಿ, ತಡಿ. ಕತ್ತರಿಸಿ ಆದ್ಮೇಲೆ ತೊಳೀತಾನಾ?’

‘ಅಲ್ಲಿ ಪದ್ಧತಿ ಬ್ಯಾರೆ ಇರ್ಬೋದು ದೊಡ್ಡಪ್ಪ. ಚಳಿ ದೇಶ.’

‘ಚಳಿ ದೇಶದಾಗೆ ಬೋಳು ಕುರಿನ ನೀರಿಗಿಳಿಸ್ತಾನಾ? ಹೋಗ್ಲಿ, ಒಣಗ್ಸಾಕೆ ಉಣ್ಣೆ ಎಲ್ಲೈತೆ? ಮೊದ್ಲು ತೊಳೀಬೇಕು, ಆಮೇಲೆ ಕತ್ರಿ. ನಿನ್ ಹಾಳೆ ಹಿಂದ್ಮುಂದಾಗ್ಯಾವೆ ಕಣೇ.’

ಐದೂ ಫೋಟೋಗಳನ್ನು ಪರದೆಯ ಮೇಲೆ ಸಾಲಾಗಿ ತೆರೆದೆ.

ಸಾಕ್ಷಿಯಿಲ್ಲದೆ ಒಪ್ಪುವವಳಲ್ಲ ನಾನು. ಹಾಳೆಗಳ ಮೂಲೆಯಲ್ಲಿ ಹುಳು ಕೊರೆದ ತೂತೊಂದಿತ್ತು. ಮೊದಲನೆಯದರಲ್ಲಿ ದೊಡ್ಡದು, ಬರುಬರುತ್ತಾ ಸಣ್ಣದು. ನಾಲ್ಕನೆಯದರದ್ದು ಮಾತ್ರ ಮೂರನೆಯದಕ್ಕಿಂತ ದೊಡ್ಡದು. ಎರಡನ್ನೂ ಅದಲುಬದಲು ಮಾಡಿದೆ. ತೂತು ಒಂದೇ ಸಮನೆ ಕಿರಿದಾಯಿತು. ಆಡುಮಾತಿನ ಮೂರು ಹಾಳೆ ಮೊದಲು, ಪುಸ್ತಕದ ಎರಡು ಆಮೇಲೆ. ಬಾಗಿದ್ದೂ ಇಲ್ಲ, ಸೆಟೆದದ್ದೂ ಇಲ್ಲ. ಹುಳು ಕೊರೆದ ಮೇಲೆ ಹಾಳೆ ಹೊಲಿದವರು ಯಾರೋ ತಪ್ಪಾಗಿ ಜೋಡಿಸಿದ್ದರು, ಅಷ್ಟೆ. ಆ ಹಾಳೆಗಳ ಒಂದೊಂದು ಪದದ ರೂಪವನ್ನೂ ಪಟ್ಟಿ ಮಾಡಿದ್ದ ನಾನು, ಕುರಿಗಳಿಗೆ ಏನಾಯಿತೆಂದು ಗಮನವಿಟ್ಟು ಓದಿರಲೇ ಇಲ್ಲ. ಗೆಲ್ಲಲು ಬೇಕಾದಷ್ಟನ್ನೇ ಓದಿದ್ದೆ.

ಸೋಮವಾರ ಕುರಿಗಳ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಗೆಲ್ಲುತ್ತಿದ್ದೆ. ಒಂದು ಲೋಟ ಟೀ ಆರುವವರೆಗೂ ಅದನ್ನೇ ಯೋಚಿಸಿದೆ. ಆಮೇಲೆ ಮಾರ್ಗದರ್ಶಕರಿಗೆ ಫೋನ್ ಮಾಡಿದೆ.

‘ಸರ್, ನನ್ನ ವಾದ ತಪ್ಪು.’

‘ಯಾರಮ್ಮ ಸೋಲಿಸಿದ್ದು?’

‘ನಮ್ಮ ದೊಡ್ಡಪ್ಪ ಸರ್.’

‘ಸೋಮವಾರ ಮಂಡಿಸೋದು ಬೇಡ. ಮೊದಲು ಪೂರ್ತಿ ಅವರಿಗೆ ಓದಿ ಹೇಳು.’

ಹೇಳದೆ ಉಳಿದಿದ್ದ ಐದನೇ ಹಾಳೆಯಲ್ಲಿದ್ದದ್ದು ಕುರಿಯ ಕಾಲುಹುಣ್ಣಿನ ಮದ್ದು. ದೊಡ್ಡಪ್ಪ ಚಕ್ಕಳಮಕ್ಕಳ ಹಾಕಿ ಕೂತರು.

‘ನಿಧಾನಕ್ಕೆ ಓದೇ, ಇದ್ರಾಗೆ ಏನ್ ತಪ್ ಮಾಡ್ಯಾನೋ ನೋಡಾಣ.’

‘ತಪ್ ಮಾಡಿದ್ದು ಅವನಲ್ಲ ದೊಡ್ಡಪ್ಪ...’ ಎಂದು ಶುರು ಮಾಡಿದವಳು ಅಷ್ಟಕ್ಕೇ ನಿಲ್ಲಿಸಿ, ಮೊದಲ ಸಾಲಿನಿಂದ ಓದತೊಡಗಿದೆ.